ಪ್ಲಾಸ್ಟಿಕ್ ಮೇಲಿನ ಮೊಹರು

ಲ್ಯಾಮಿನೇಷನ್ ಎಂಬುದು ಮನುಷ್ಯಕುಲದ ಅಳಿವು ಉಳಿವಿನ ಪ್ರಶ್ನೆ ಎಂದು ಇದುವರೆಗೆ ಯಾವ ಪಂಡಿತನೂ ಹೇಳಿದಂತಿಲ್ಲ. ಲಿಫ್ಟ್ ಮೆಕ್ಯಾನಿಕ್ ಒಬ್ಬನಿಗೆ ಮಾತ್ರ ಅದು ಖಚಿತವಾಗಿ ಗೊತ್ತಿತ್ತು. ಸದಾ ಗ್ರೀಸು ಮೆತ್ತಿಕೊಳ್ಳುವ ಕೈ. ಹಾಗಾಗಿ ಯಾವ ಕಾಗದ ಕಂಡರೂ ಪ್ಲಾಸ್ಟಿಕ್ ಹಾಕಿಸುತ್ತಿದ್ದ. ಮಗಳ ಅಂಕಪಟ್ಟಿ, ಒಲೆಯ ಗ್ಯಾರಂಟಿ, ಹಲ್ಲಿನ ಡಾಕ್ಟರ ಚೀಟಿ, ಕೊನೆಗೆ ಈ ದೇಶದಲ್ಲಿರಲು ಸರ್ಕಾರ ಕೊಟ್ಟ ವಾಸದ ಪರವಾನಗಿ.

"ಸದ್ಯ ಅಕ್ಕ ತಪ್ಪಿಸ್ಕೊಂಡ್ಲು ಭಾವ. ಕೂತಲ್ಲಿ ಕೂತಿದ್ರೆ ಅವಳಿಗೂ ಹಾಕಿಸಿಬಿಡ್ತಿದ್ರಿ," ಎಂದು ಹೆಂಡತಿಯ ತಮ್ಮ ಛೇಡಿಸುತ್ತಿದ್ದ.

ನಗು ನಿಂತದ್ದು ಅವನ ಪೌರತ್ವದ ಅರ್ಜಿ ತಿರಸ್ಕೃತವಾದ ದಿನ. ಪರವಾನಗಿ ನವೀಕರಿಸದೆ ವರ್ಷವಿಡೀ ಅಕ್ರಮವಾಗಿ ನೆಲೆಸಿದ್ದೀರಿ ಎಂದು ಕಚೇರಿ ಬರೆದಿತ್ತು. ಹೆಂಡತಿಗೂ ಮಗಳಿಗೂ ಆಗಲೇ ಪೌರತ್ವ ಬಂದಿತ್ತು. ಮೇಲ್ಮನವಿಯೂ ಬಿದ್ದುಹೋದರೆ ಅವರಿಬ್ಬರು ಇಲ್ಲಿ, ಅವನೊಬ್ಬ ಗಡಿಯಾಚೆ.

"ನವೀಕರಣದ ಮೊಹರು ಹಾಕ್ಸಿದ್ದೆ ಕಣೇ, ಹಿಂದುಗಡೆ! ಕೌಂಟರಿನವನು ಒತ್ತಿ, ಉಫ್ ಅಂತ ಊದಿ ಕೊಟ್ಟ."

ಹೆಂಡತಿ ಪರವಾನಗಿಯ ಕಾರ್ಡು ತಿರುಗಿಸಿದಳು. ಹಿಂಬದಿ ಫಳಫಳ ಹೊಳೆಯಿತು. ಅವಳ ಮುಖ ಸಪ್ಪಗಾಯಿತು.

"ರೀ... ನೀಲಿ ಬಣ್ಣದ್ದಾ?"

"ಹೂಂ."

"ನಿಮ್ಮ ಗ್ರೀಸು ಅಂದ್ಕೊಂಡು ಒರೆಸಿಬಿಟ್ನಲ್ರೀ."

ಮೇಲ್ಮನವಿಯ ಕೋಣೆಯಲ್ಲಿ ಕಡತಗಳ ರಾಶಿ, ಕಿರುಗುಟ್ಟುವ ಫ್ಯಾನು, ಕನ್ನಡಕ ಹಣೆಗೇರಿಸಿದ ಅಧಿಕಾರಿಣಿ. ರಾತ್ರಿಯೆಲ್ಲ ಮಾತು ಉರು ಹೊಡೆದಿದ್ದ ಮೆಕ್ಯಾನಿಕ್ ಕತ್ತೆತ್ತಿ ಫ್ಯಾನನ್ನೇ ನೋಡತೊಡಗಿದ. ಹೆಂಡತಿಯೇ ಮುಂದೆ ಬಂದಳು.

"ಅಳಿಸಿದ್ದು ನಾನು ಮೇಡಂ. ಇವರದ್ದೇನೂ ತಪ್ಪಿಲ್ಲ, ಪ್ಲಾಸ್ಟಿಕ್ ಹಾಕಿಸಿದ್ದೊಂದು ಬಿಟ್ರೆ."

"ಸರ್ಕಾರದ ಮೊಹರು ಅಷ್ಟು ಸುಲಭಕ್ಕೆ ಹೋಗಲ್ಲಮ್ಮ."

"ನೀವೇ ಒಂದ್ಸಲ ಒತ್ತಿ ನೋಡಿ."

ಅಧಿಕಾರಿಣಿ ಮೇಜಿನ ಮೇಲಿದ್ದ ಮೊಹರನ್ನೆತ್ತಿ ಕಾರ್ಡಿನ ಹಿಂಬದಿಗೆ ಗಟ್ಟಿಯಾಗಿ ಒತ್ತಿದಳು. ಹೆಂಡತಿ ಕರವಸ್ತ್ರ ತೆಗೆದು, ಮನೆಯಲ್ಲಿ ಒರೆಸುವ ಹಾಗೆಯೇ ಒಮ್ಮೆ ಒರೆಸಿದಳು. ಕಾರ್ಡು ಶುಭ್ರವಾಯಿತು, ಸರ್ಕಾರವೆಲ್ಲ ಕರವಸ್ತ್ರಕ್ಕೆ ಬಂದಿತ್ತು.

ಅಧಿಕಾರಿಣಿ ಕನ್ನಡಕವನ್ನು ಮೂಗಿಗಿಳಿಸಿದಳು. "ಅರ್ಜಿ ನೋಡಿದವರು ಬರೀ ಕಾರ್ಡು ನೋಡಿದಾರೆ. ನಮ್ಮ ಕಂಪ್ಯೂಟರನ್ನೇ ಯಾರೂ ನೋಡಿಲ್ಲ," ಎಂದು ಗೊಣಗುತ್ತ ಪರವಾನಗಿ ವಿಭಾಗಕ್ಕೆ ಫೋನು ಹಚ್ಚಿದಳು.

ಆ ಕಡೆಯವರು ಹುಡುಕುತ್ತಲೇ ಇದ್ದರು. ಮೆಕ್ಯಾನಿಕ್ಕನಿಗೆ ಸುಮ್ಮನಿರಲಾಗಲಿಲ್ಲ.

"ಮೇಡಂ, ನಿಮ್ಮ ಫ್ಯಾನಿನ ಬೇರಿಂಗ್ ಹೋಗಿದೆ."

"ರೀ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಹೆಂಡತಿ ಪಿಸುಗುಟ್ಟಿದಳು.

ಅಧಿಕಾರಿಣಿ ಫೋನಿಟ್ಟಳು. "ನವೀಕರಣ ಆಗಿದೆ. ಅವಧಿಯೊಳಗೇ ಆಗಿದೆ." ಆಮೇಲೆ ಕಾರ್ಡನ್ನು ಹಿಂದಿರುಗಿಸುತ್ತ, "ಪೌರತ್ವದ ಪತ್ರ ಬಂದ ಮೇಲೆ ದಯವಿಟ್ಟು..." ಎಂದಳು.

"ಹಾಕ್ಸಲ್ಲ ಮೇಡಂ," ಎಂದಳು ಹೆಂಡತಿ.

ತಿರಸ್ಕಾರದ ಆದೇಶ ರದ್ದಾಯಿತು. ಮುಂದಿನ ತಿಂಗಳು ಅವನಿಗೆ ಪೌರತ್ವ ಸಿಕ್ಕಿತು.