ಹಿಂತಿರುಗಿದವರ ಲೆಕ್ಕ

ಸೆಕೆಂಡು ಮೇಷ್ಟ್ರು ರಸ್ತೆ ದಾಟುವುದನ್ನು ಮೊದಲ ಸಲ ನೋಡಿದವರು, ಈ ಮನುಷ್ಯನಿಗೆ ಎಲ್ಲೋ ಒಂದು ಸುತ್ತು ಕಡಿಮೆ ಎಂದುಕೊಳ್ಳದೆ ಇರುತ್ತಿರಲಿಲ್ಲ. ಅತ್ತ ಇತ್ತ ನೋಡಿ, ಸಂದು ಸಿಕ್ಕಿದೊಡನೆ ನುಗ್ಗುವ ಪೈಕಿ ಅವರಲ್ಲ. ರಸ್ತೆಯಂಚಿಗೆ ಬಂದು, ಮೊಣಕೈ ಸವೆದ ಕಂದು ಕೋಟಿನ ಜೇಬಿನಿಂದ ಕಪ್ಪು ದಾರ ಕಟ್ಟಿದ ಸ್ಟಾಪ್‌ವಾಚನ್ನು ಹೊರತೆಗೆದು, ದಾಟಲು ನಿಂತ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಯಾರೆಂದು ಕಣ್ಣಲ್ಲೇ ಆರಿಸಿ, ಅವರು ಕಾಲಿಟ್ಟಾಗ ತಾವೂ ಕಾಲಿಟ್ಟು, ಅರ್ಧ ಹೆಜ್ಜೆ ಹಿಂದೆ ಉಳಿದು, ಅವರು ನಿಂತಲ್ಲಿ ನಿಂತು, ಅವರು ಅಳುಕಿದಲ್ಲಿ ಅಳುಕಿ, ಆಚೆ ಬದಿ ಮುಟ್ಟಿದ ಮೇಲೆಯೇ ಗುಂಡಿ ಒತ್ತಿ ವಾಚು ನಿಲ್ಲಿಸುತ್ತಿದ್ದರು. ಒಮ್ಮೆ ಊರುಗೋಲಿನ ಅಜ್ಜಿಯೊಬ್ಬರು ನಡುರಸ್ತೆಯಲ್ಲೇ ತಿರುಗಿ ನಿಂತು, "ಯಾಕಪ್ಪಾ ಆಗ್ಲಿಂದ ನನ್ನ ಹಿಂದೇನೇ ಬರ್ತಿದೀಯ? ನನ್ನ ಹತ್ರ ಕದಿಯೋಕೆ ಏನೂ ಇಲ್ಲ" ಎಂದು ಗದರಿದ್ದರಂತೆ. "ನೀವು ನಿಂತಿದ್ರಿಂದ ಈಗ ನಾಲ್ಕು ಸೆಕೆಂಡು ಹೋಯ್ತಮ್ಮ" ಎಂಬುದು ಮೇಷ್ಟ್ರ ಉತ್ತರ. ಈ ಚಾಳಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಅಂಟಿಕೊಂಡದ್ದು. ಹೇಗೆ ಅಂಟಿಕೊಂಡಿತೆಂದು ಬಲ್ಲವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ ಇರಬೇಕು.

ವಿಶ್ವವಿದ್ಯಾಲಯದ ಸುಸ್ಥಿರ ಸಾರಿಗೆ ಮತ್ತು ಮೂಲಸೌಕರ್ಯ ಸಂಶೋಧನಾ ವಿಭಾಗದಲ್ಲಿ ಅವರ ಮೇಜಿನ ಪಕ್ಕದ ಮೇಜು ನನ್ನದು. ಹೆಸರು ಉದ್ದವಾಗಿತ್ತೇ ಹೊರತು ವಿಭಾಗವೆಂದರೆ ಎರಡು ಕೋಣೆ, ತುಕ್ಕು ಹಿಡಿದ ಮೂರು ಬೀರು, ಮುಚ್ಚಲು ಬಾರದ ಒಂದು ಕಿಟಕಿ. ಕಿಟಕಿಯ ಕೆಳಗೇ ಹೆದ್ದಾರಿ. ಬೇರೆಯವರು ವಿದ್ಯುತ್ ಬಸ್ಸು, ಬ್ಯಾಟರಿ, ಹೊಗೆಯ ಪ್ರಮಾಣ ಎಂದು ದೊಡ್ಡ ವಿಷಯಗಳನ್ನು ಹಿಡಿದು ದೇಶ ಸುತ್ತುತ್ತಿದ್ದಾಗ, ಜಗತ್ತಿನಲ್ಲಿ ಹೊಗೆಯಿಲ್ಲದೆ ಓಡುವ ಅತ್ಯಂತ ಪುರಾತನ ವಾಹನ ಮನುಷ್ಯನ ಎರಡು ಕಾಲು ಎಂದು ಪಟ್ಟು ಹಿಡಿದು ಕುಳಿತವರು ಇವರು. ಅಂದಾಜು ಎಂದರೆ ಅವರಿಗೆ ಆಗದು. ಚಹಾ ಈಗ ಬರುತ್ತದೆ ಎಂದರೆ "ಈಗ ಅಂದ್ರೆ ಎಷ್ಟು ಸೆಕೆಂಡು?" ಎನ್ನುವರು. ಹೆಸರು ಬಿದ್ದದ್ದು ಹಾಗೆ. ಹಿಂದಿನಿಂದ ನಗುತ್ತಿದ್ದವರಲ್ಲಿ ನಾನೂ ಒಬ್ಬ, ಅದನ್ನು ಮುಚ್ಚಿಡುವುದಿಲ್ಲ.

ಆ ಹೆದ್ದಾರಿ ಮೊದಲು ಎರಡು ಸಾಲಿನ ಸಾಧಾರಣ ರಸ್ತೆಯಾಗಿತ್ತು. ಅದನ್ನು ಆರು ಸಾಲಿಗೆ ಅಗಲಿಸುವುದೆಂದು ನಿಶ್ಚಯವಾದಾಗ, ನಡೆದು ದಾಟುವವರು ಎಷ್ಟು, ಯಾರು, ಯಾವ ವೇಗದಲ್ಲಿ ದಾಟುತ್ತಾರೆ ಎಂಬ ಸಮೀಕ್ಷೆ ನಮ್ಮ ವಿಭಾಗಕ್ಕೆ ಬಂತು. ಅಂದರೆ ಮೇಷ್ಟ್ರಿಗೆ ಬಂತು. ಆಗ ಅವರಿಗೆ ನಲವತ್ತನಾಲ್ಕು, ನಾನು ಕೆಲಸಕ್ಕೆ ಸೇರಿದ ಹೊಸತು. ನಮೂನೆಯನ್ನು ಅವರೇ ಬರೆದರು, ನಿಯಮವನ್ನೂ ಅವರೇ ಮಾಡಿದರು: ಈ ಅಂಚಿನಿಂದ ಕಾಲು ಕೆಳಗಿಟ್ಟು ಆ ಅಂಚು ಮುಟ್ಟಿದವರಿಗೆ ಮಾತ್ರ ಒಂದು ಗೆರೆ; ಅದೇ ಮನುಷ್ಯ ದಿನಾ ದಾಟಿದರೂ ಗೆರೆ ಒಂದೇ. ಎರಡನೆಯ ದಿನ ನಾನು ಕೇಳಿದ್ದೆ.

"ಮೇಷ್ಟ್ರೇ, ಕೆಲವರು ಬಂದು ನಿಂತು, ನೋಡಿ, ವಾಪಸ್ ಹೋಗ್ತಾರಲ್ಲ. ಅವರನ್ನ ಎಲ್ಲಿ ಬರೀಲಿ?"

"ದಾಟಿದ್ರೆ ಬರೀರಿ. ದಾಟದೇ ಇರೋರನ್ನ ಬರೆದ್ರೆ ಸರಾಸರಿ ಕೆಡುತ್ತೆ."

ನನಗೂ ಕ್ಯಾಂಟೀನಿಗೆ ಹೋಗುವ ಆತುರ; ಸರಿ ಎಂದು ಬಿಟ್ಟುಬಿಟ್ಟೆ. ಎರಡು ವಾರದ ಎಣಿಕೆ ಮುಗಿದಾಗ ವೃದ್ಧರ ಕಾಲಂನಲ್ಲಿ ಬಿದ್ದದ್ದು ಒಟ್ಟು ಹನ್ನೊಂದು ಗೆರೆ. ವರದಿ ಅಚ್ಚುಕಟ್ಟಾಗಿತ್ತು, ಎಲ್ಲರೂ ಬೆನ್ನು ತಟ್ಟಿದರು. ವಯಸ್ಸಾದವರು ಇಲ್ಲಿ ದಾಟುವುದೇ ಇಲ್ಲ, ಹಾಗಾಗಿ ಸಿಗ್ನಲ್ ಬೇಕಿಲ್ಲ, ಅರವತ್ತನಾಲ್ಕು ಮೆಟ್ಟಿಲಿನ ಒಂದು ಮೇಲುಸೇತುವೆ ಸಾಕು ಎಂದು ರಸ್ತೆ ಸಮಿತಿಯವರು ತೀರ್ಮಾನಿಸಿ ಕೈತೊಳೆದುಕೊಂಡರು.

ಆ ಹನ್ನೊಂದು ಗೆರೆಗಳಲ್ಲಿ ಒಂದು ಮೇಷ್ಟ್ರ ಅಕ್ಕನದು. ಅವರಿಗಿಂತ ಹದಿನಾರು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ರಸ್ತೆಯ ಆಚೆ ಓಣಿಯಲ್ಲಿ ಒಂಟಿಯಾಗಿದ್ದರು, ಮೇಷ್ಟ್ರ ಮನೆ ಈಚೆ. ದಿನಾ ಸಂಜೆ ಐದಕ್ಕೆ ಕೈಯಲ್ಲೊಂದು ಡಬ್ಬಿ ಹಿಡಿದು, ನೋಯುವ ಮಂಡಿಯನ್ನು ಬೈದುಕೊಳ್ಳುತ್ತ ತಮ್ಮನ ಮನೆಗೆ ಬರುವುದು ಅವರ ರೂಢಿ. ಎಣಿಕೆಯ ಮೊದಲ ದಿನ ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಬಟ್ಟೆ ಉಟ್ಟು ಬಂದು, ಜೀವ ಕೈಯಲ್ಲಿ ಹಿಡಿದು ದಾಟಿ, ರಸ್ತೆಯಂಚಿನಲ್ಲಿ ಎಣಿಕೆಗೆಂದು ಹಾಕಿಕೊಂಡಿದ್ದ ನಮ್ಮ ಮೇಜಿನ ಮುಂದೆ ನಿಂತು ಏದುಸಿರಿನಲ್ಲೇ "ನನ್ನನ್ನೂ ಬರ್ಕೊಂಡ್ಯೇನೋ?" ಎಂದು ಕೇಳಿದ್ದರು. ಮೇಷ್ಟ್ರು ಗೆರೆ ಎಳೆದು ತೋರಿಸಿದ ಮೇಲೆ ಆ ಮುಖದಲ್ಲಿ ಮೂಡಿದ ಹಿಗ್ಗು ನನಗೆ ಇಂದಿಗೂ ನೆನಪಿದೆ.

ರಸ್ತೆ ಅಗಲವಾಯಿತು, ಅಕ್ಕ ಬರುವುದು ಅಪರೂಪವಾಗಿ, ಆಮೇಲೆ ನಿಂತೇಹೋಯಿತು. ಹೆಂಡತಿ ಯಾವಾಗಲೋ ಆಡಿದ ಒಂದು ಮಾತಿಗೆ ಅಕ್ಕ ಮುನಿಸಿಕೊಂಡಿದ್ದಾಳೆ ಎಂದು ಮೇಷ್ಟ್ರು ಎಣಿಸಿದರು. ಭಾನುವಾರ ಸ್ಕೂಟರಿನಲ್ಲಿ ಎರಡು ಮೈಲಿ ಸುತ್ತಿ ತಾವೇ ಹೋಗುವರು. ಯಾಕೆ ಬರಲ್ಲ ಎಂದರೆ "ಬರ್ತೀನಿ ಬಿಡೋ, ನಾಳೆ ಬರ್ತೀನಿ" ಎಂದು ಆಕೆ ಮಾತು ತೇಲಿಸುವರು. ಎಂಟು ವರ್ಷ ಹೀಗೇ ಕಳೆಯಿತು. ಅಂದಾಜಿನ ಮಾತು ಕೇಳಿದರೆ ಉರಿದುಬೀಳುತ್ತಿದ್ದ ಮನುಷ್ಯ, ಸ್ವಂತ ಅಕ್ಕನ ವಿಷಯದಲ್ಲಿ ಎಂಟು ವರ್ಷ ಅಂದಾಜಿನಲ್ಲೇ ಕಾಲ ಹಾಕಿದರು.

ನಿಜ ಸಂಗತಿಯನ್ನು ಒಡೆದು ಹೇಳಿದವನು ರಸ್ತೆಯ ಆಚೆ ಅಂಚಿನ ದರ್ಜಿ. ಕೋಟಿನ ಮೊಣಕೈಗೆ ತೇಪೆ ಹಾಕಿಸಲು ಮೇಷ್ಟ್ರು ಅವನಲ್ಲಿಗೆ ಹೋಗಿದ್ದರು, ಜೊತೆಗೆ ನಾನೂ ಇದ್ದೆ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಅವನು, "ನಿಮ್ಮಕ್ಕ ಇವತ್ತು ಇನ್ನೂ ಬಂದಿಲ್ಲ ಸಾರ್" ಎಂದ.

"ಎಲ್ಲಿಗೆ?"

"ಇಲ್ಲಿಗೇ. ದಿನಾ ಐದು ಗಂಟೆಗೆ ಡಬ್ಬಿ ಹಿಡ್ಕೊಂಡು ಬರ್ತಾರಲ್ಲ. ಆ ಕಂಬ ಹಿಡ್ಕೊಂಡು ನಿಲ್ತಾರೆ, ಸ್ವಲ್ಪ ಹೊತ್ತು ನೋಡ್ತಾರೆ, ವಾಪಸ್ ಹೋಗ್ತಾರೆ. ರಸ್ತೆ ಆದಾಗ್ಲಿಂದ ಹೀಗೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಮೇಷ್ಟ್ರು ಕೋಟನ್ನು ಅಲ್ಲೇ ಬಿಟ್ಟು, ಬರಿಯ ಅಂಗಿಯಲ್ಲಿ ಹೋಗಿ ಆ ಕಂಬದ ಪಕ್ಕ ನಿಂತರು. ಐದು ದಾಟಿ ಹತ್ತು ನಿಮಿಷಕ್ಕೆ ಅಕ್ಕ ಬಂದರು. ತಮ್ಮನನ್ನು ಕಂಡು, ಕಳವು ಮಾಡಿ ಸಿಕ್ಕಿಬಿದ್ದವರ ಹಾಗೆ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಒಯ್ದರು.

"ಯಾಕಕ್ಕಾ ಹೇಳ್ಲಿಲ್ಲ?" ಎಂದರು ಮೇಷ್ಟ್ರು.

"ನನ್ನ ತಮ್ಮ ಎಣಿಸಿಕೊಟ್ಟ ಮೇಲೇನೇ ಆದ ರಸ್ತೆ ಅಂತ ಓಣಿಗೆಲ್ಲ ಹೇಳ್ಕೊಂಡು ತಿರುಗಿದೋಳು ಕಣೋ ನಾನು. ಆ ಮೆಟ್ಲು ಹತ್ತೋಕಾಗಲ್ಲ, ದಾಟೋಕೆ ಭಯ ಅಂತ ಈಗ ಯಾವ ಬಾಯಲ್ಲಿ ಹೇಳ್ಲಿ?"

ಆ ಸಂಜೆ ಅಕ್ಕನ ಕೈಯನ್ನು ತಮ್ಮ ಮೊಣಕೈಗೆ ಸಿಕ್ಕಿಸಿಕೊಂಡು, ಮೇಷ್ಟ್ರು ದಾಟಿಸಲು ಹೊರಟರು. ನಡುವಿನ ಕಟ್ಟೆ ಮುಟ್ಟುವುದಕ್ಕೇ ಇಪ್ಪತ್ತೇಳು ಸೆಕೆಂಡು ಹಿಡಿಯಿತು. ಲಾರಿಯೊಂದು ಗಾಳಿಯೆಬ್ಬಿಸಿ ಮುಂದೆಯೇ ಹಾದುಹೋದಾಗ ಆಕೆಯ ಡಬ್ಬಿ ಕೈಜಾರಿ ಬಿತ್ತು. "ಬೇಡ ಕಣೋ, ನನ್ನಿಂದ ನಿನಗೂ ಏನಾದ್ರೂ ಆದೀತು" ಎಂದವರನ್ನು ಮೆಲ್ಲಗೆ ಹಿಂದಕ್ಕೇ ಕರೆದೊಯ್ಯಬೇಕಾಯಿತು. ಮಾರನೆಯ ದಿನದಿಂದ ಅಕ್ಕ ಕಂಬದ ಹತ್ತಿರವೂ ಬರಲಿಲ್ಲ. ಸ್ಕೂಟರ್ ಏರಲು ಮಂಡಿ ಒಪ್ಪದು, ತಮ್ಮನ ಮನೆಗೆ ಬಂದಿರಲು ಸ್ವಾಭಿಮಾನ ಒಪ್ಪದು. ಅಷ್ಟು ವರ್ಷ ದೂರದಿಂದಲಾದರೂ ತಮ್ಮನ ಮನೆಯ ತಾರಸಿ ನೋಡಿ ಹೋಗುತ್ತಿದ್ದವರಿಗೆ ಆ ಸುಖವನ್ನೂ ತಪ್ಪಿಸಿದೆನಲ್ಲ ಎಂದು ಮೇಷ್ಟ್ರು ನನ್ನೆದುರು ಒಂದೇ ಒಂದು ಸಲ ಅತ್ತರು.

ಆಮೇಲೆ ಅವರಿಗೆ ಹಿಡಿದದ್ದು ಒಂದೇ ಹಟ: ಅಕ್ಕ ಬದುಕಿರುವಾಗಲೇ ಅಲ್ಲೊಂದು ಸಿಗ್ನಲ್ ಬರಬೇಕು, ಅಂದಿನ ಇಪ್ಪತ್ತೇಳರ ಎರಡರಷ್ಟು, ಐವತ್ತನಾಲ್ಕು ಸೆಕೆಂಡಿನದು. ಹಳೆಯ ನಮೂನೆಯ ಬಲ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಕಾಲಂ ಗೀಚಿ, 'ಹಿಂತಿರುಗಿದವರು' ಎಂದು ತಲೆಬರಹ ಬರೆದು, ನಲವತ್ತೊಂದು ಸಂಜೆ ಆ ಕಂಬದ ಬುಡದಲ್ಲಿ ನಿಂತರು. ಊರುಗೋಲಿನವರು, ಬಸುರಿಯರು, ಮಗುವನ್ನು ಎತ್ತಿಕೊಂಡವರು, ಕಣ್ಣು ಮಂಜಾದವರು. ಬಂದು, ನಿಂತು, ಯಾರಿಗೂ ಏನೂ ಹೇಳದೆ ಹಿಂದಿರುಗಿದವರು ಆರು ನೂರ ಹದಿನೆಂಟು ಜನ. ನಿಧಾನಿಗಳ ಬೆನ್ನಿಗೆ ಬೀಳುವ ಚಾಳಿ ಅಂಟಿದ್ದು ಆಗಲೇ. ತಮ್ಮ ಮೊದಲ ವರದಿಯನ್ನು ತಾವೇ ಸಾಲು ಸಾಲಾಗಿ ಖಂಡಿಸಿ ಎರಡನೆಯದನ್ನು ಬರೆದು, ರಸ್ತೆ ಸಮಿತಿಯ ಮುಂದಿಟ್ಟರು.

ಅಧ್ಯಕ್ಷ ಇಂಜಿನಿಯರು ಎರಡನ್ನೂ ಮಗುಚಿ ನೋಡಿ, "ಈ ಹಳೇದು ಬರೆದೋರು ಯಾರು?" ಎಂದರು.

"ನಾನೇ."

"ಇದು ತಪ್ಪು ಅಂತ ಬರೆದೋರು?"

"ಅದೂ ನಾನೇ."

ಮೇಜಿನ ಸುತ್ತ ನಗು ಹರಿಯಿತು. "ಹಳೇದು ತುಂಬ ಚೆನ್ನಾಗಿದೆ ಮೇಷ್ಟ್ರೇ. ಸುಮ್ನೆ ಯಾಕೆ ಕೆಡಿಸ್ಕೋತೀರಿ?" ಎಂದು ಇಂಜಿನಿಯರು ಕಡತ ಕಟ್ಟಿದರು. ವರ್ಷಕ್ಕೆರಡು ಸಲದಂತೆ ಏಳು ವರ್ಷ ಮೇಷ್ಟ್ರು ಆ ಕಡತ ಬಿಚ್ಚಿಸಿದರು, ಪ್ರತಿ ಸಲವೂ ಸಮಿತಿಯವರು ಕಟ್ಟಿದರು. ಏಳನೆಯ ವರ್ಷ ಅಕ್ಕ ಓಣಿಯ ಮನೆಯಲ್ಲೇ ತೀರಿಕೊಂಡರು. ಮೇಷ್ಟ್ರು ಹೋದಾಗ ಅಡುಗೆಮನೆಯ ಗೂಡಿನಲ್ಲಿ, ಅಂದು ಬಿದ್ದು ಮುಚ್ಚಳ ಸೊಟ್ಟಗಾದ ಡಬ್ಬಿ ತೊಳೆದು ಬೋರಲು ಹಾಕಿದಂತೆಯೇ ಇತ್ತು.

ಅವರು ನಿವೃತ್ತರಾದ ಮರುವರ್ಷ, ಯಾರ ಮನಸ್ಸು ಕರಗಿತೋ, ಸಿಗ್ನಲ್ ಬಂತು. ಸುದ್ದಿ ತಿಳಿಸಿ ಕರೆತಂದವನು ನಾನೇ. ನಾನೂ ಒಂದಿಷ್ಟು ಋಣ ತೀರಿಸಬೇಕಿತ್ತು. ಸಂಜೆ ಐದಕ್ಕೆ ಆ ಕಂಬದ ಹತ್ತಿರ ನಿಂತೆವು. ಹಸಿರು ದೀಪದ ಮನುಷ್ಯ ಮೂಡಿದೊಡನೆ ಎಲ್ಲರೂ ಸರಸರನೆ ಹೊರಟರು. ಮೇಷ್ಟ್ರು ಬಲ ಮೊಣಕೈಯನ್ನು, ಯಾರೋ ಹಿಡಿದುಕೊಂಡಿದ್ದಾರೆ ಎಂಬಂತೆ ತುಸು ಹೊರಚಾಚಿ, ಬಹಳ ನಿಧಾನವಾಗಿ ನಡೆದರು. ನಡುಗಟ್ಟೆಗೆ ಇನ್ನೂ ಮೂರು ಹೆಜ್ಜೆ ಇರುವಾಗಲೇ ದೀಪ ಕೆಂಪಾಯಿತು. ಹಾರನ್ನುಗಳು ಒಮ್ಮೆಗೇ ಬೊಬ್ಬೆಯಿಟ್ಟವು. "ಏನ್ ತಾತಾ, ನಿದ್ದೆ ಮಾಡ್ತಿದೀರಾ?" ಎಂದು ಬೈಕಿನವನೊಬ್ಬ ಕೂಗಿಕೊಂಡು ಹೋದ. ಮೇಷ್ಟ್ರು ಅದೇ ಹೆಜ್ಜೆಯಲ್ಲಿ ಹಿಂದಿರುಗಿ ಬಂದರು.

"ಇಪ್ಪತ್ನಾಲ್ಕೇ ಸೆಕೆಂಡು," ಎಂದರು. "ನನ್ನ ಮೊದಲ್ನೇ ವರದಿ, ಹದಿನೆಂಟನೇ ಪುಟ. ದಾಟಿದೋರ ಸರಾಸರಿ ವೇಗ ಇಟ್ಕೊಂಡು ಲೆಕ್ಕ ಹಾಕಿದಾರೆ. ಲೆಕ್ಕ ಸರಿಯಾಗಿದೆ."

ಕೋಟಿನ ಜೇಬಿನಿಂದ ಮಡಿಸಿದ ನಮೂನೆ ತೆಗೆದು, 'ಹಿಂತಿರುಗಿದವರು' ಎಂಬ ಕಾಲಂನಲ್ಲಿ ಒಂದು ಗೆರೆ ಎಳೆದರು. ಕೊಂಚ ತಡೆದು, ಪಕ್ಕದಲ್ಲಿ ಇನ್ನೊಂದು ಎಳೆದರು. ಅದು ಯಾರದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವರೂ ಹೋಗಿ ಈಗ ಮೂರು ವರ್ಷ. ಸೋಮಾರಿಗಳು ಮಾಡುವ ತಪ್ಪು ಸೋಮಾರಿತನದಿಂದಲೇ ಸಡಿಲವಾಗಿರುತ್ತದೆ, ಯಾರಾದರೂ ಅಲ್ಲಾಡಿಸಿದರೆ ಬಿದ್ದುಹೋಗುತ್ತದೆ. ಇಂಥ ಪ್ರಾಮಾಣಿಕರು ಮಾಡುವ ತಪ್ಪಿನ ಪಾಡೇ ಬೇರೆ. ಅದನ್ನು ಅವರು ಅಷ್ಟು ಶ್ರದ್ಧೆಯಿಂದ, ಅಷ್ಟು ಗಟ್ಟಿಯಾಗಿ ಕಟ್ಟಿರುತ್ತಾರೆ. ಮುಂದೊಂದು ದಿನ ತಾವೇ ಬಂದು, ಇದು ತಪ್ಪು, ಒಡೆಯಿರಿ ಎಂದು ಅಂಗಲಾಚಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಉಳಿದ ಆಯುಷ್ಯವನ್ನೆಲ್ಲ ಅವರು ತಮ್ಮದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತ ಕಳೆಯುತ್ತಾರೆ. ನಾವು ಪಕ್ಕದ ಮೇಜಿನವರು, ಒಂದು ಪ್ರಶ್ನೆಯನ್ನು ಎರಡನೆಯ ಸಲ ಕೇಳದೆ ಚಹಾ ಕುಡಿಯಲು ಹೋದವರು, ಅವರಿಗೊಂದು ಅಡ್ಡಹೆಸರಿಟ್ಟು ನಗುತ್ತೇವೆ. ಆ ಸಿಗ್ನಲ್ ಇಂದಿಗೂ ಇಪ್ಪತ್ತನಾಲ್ಕು ಸೆಕೆಂಡಿನದೇ. ಈಚೆಗೆ ನನ್ನ ಮಂಡಿಯೂ ಹಿಡಿದುಕೊಳ್ಳುತ್ತಿದೆ. ನಿನ್ನೆ ಸಂಜೆ ಆ ಕಂಬ ಹಿಡಿದು ನಿಂತು, ಸ್ವಲ್ಪ ಹೊತ್ತು ನೋಡಿ, ಮನೆಗೆ ಹಿಂದಿರುಗಿದೆ.