ಬೊಟ್ಟಿಲ್ಲದ ಚಾವಣಿ

ನನ್ನ ಗಂಡನ ಅಣ್ಣ ಕಂಪೋನ್, ಲಂಪಾಂಗ್ ಊರಿನ ಹೆದ್ದಾರಿ ಪಕ್ಕ ಹಳೆ ಕಾರು ಮಾರುವ ಟೆಂಟು ಇಟ್ಟುಕೊಂಡಿದ್ದಾನೆ. ಹೆಸರಿಗೆ ಟೆಂಟು, ನಿಜಕ್ಕೆ ತಗಡಿನ ಶೆಡ್ಡು. ಮನೆಯಲ್ಲಿ ಕಾರಿನ ಮಾತು ಬಂದ ದಿನದಿಂದ ನಾನು ಹೇಳಿದ್ದು ಒಂದೇ: ಎಲ್ಲಿಂದ ಬೇಕಾದರೂ ತರೋಣ, ನಿಮ್ಮಣ್ಣನ ಹತ್ತಿರ ಬೇಡ. ಗಂಡ ಮಾನಿತ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ಒಳ್ಳೆಯ ಅಂಗಿ ಹಾಕಿಕೊಂಡು, ಅಣ್ಣನಿಗೆಂದು ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸವನ್ನೂ ಅಂಟಕ್ಕಿಯ ಅನ್ನವನ್ನೂ ಕಟ್ಟಿಸಿಕೊಂಡು ಹೊರಟು ನಿಂತ.

ಹೋಗದೆ ವಿಧಿಯಿರಲಿಲ್ಲ. ನಾನು ಸಂತೆಯಲ್ಲಿ ನೂಡಲ್ಸ್ ಸಾರು ಮಾರುವವಳು. ಬೈಕಿನ ಪಕ್ಕಕ್ಕೆ ಬೆಸೆದ ಗಾಡಿಯಲ್ಲಿ ಪಾತ್ರೆಗಳ ನಡುವೆ ಮಗಳು ಬೈತೋಂಗ್‌ಳನ್ನು ಕೂರಿಸಿಕೊಂಡು ಓಡಾಡುತ್ತಿದ್ದೆ. ಹೋದ ತಿಂಗಳು ಮಳೆಯಲ್ಲಿ ಗಾಡಿ ಮಗುಚಿ ಕುದಿಯುವ ಸಾರು ಅವಳ ಕಾಲ ಮೇಲೆ ಚೆಲ್ಲಿತು. ಬ್ಯಾಂಡೇಜು ಇನ್ನೂ ಬಿಚ್ಚಿಲ್ಲ. ಮಗಳನ್ನು ಮತ್ತೆ ಆ ಗಾಡಿಗೆ ಹತ್ತಿಸುವುದಿಲ್ಲ ಎಂದು ಆಸ್ಪತ್ರೆಯಲ್ಲೇ ನಿಶ್ಚಯಿಸಿಕೊಂಡಿದ್ದೆ. ಇನ್ನು ಮಾನಿತನಿಗೆ, ಅಪ್ಪ ಸತ್ತ ಮೇಲೆ ಅನ್ನ ಹಾಕಿ ಬೆಳೆಸಿದವನು ಅಣ್ಣ. ಅವನನ್ನು ಬಿಟ್ಟು ಬೇರೆಯವರ ಟೆಂಟಿಗೆ ಹೋದರೆ ಅವನ ಮುಖಕ್ಕೆ ಉಗಿದ ಹಾಗೆ ಎಂದು ಇವನ ಎಣಿಕೆ.

ಕಂಪೋನ್ ಕುರ್ಚಿಯಿಂದ ಏಳದೆಯೇ ನಮ್ಮನ್ನು ಬರಮಾಡಿಕೊಂಡ. ಮಾನಿತ್ ಬಗ್ಗಿ ಕೈಮುಗಿದ. ನಾನೂ ಮುಗಿದೆ, ಬೆರಳು ಗದ್ದಕ್ಕೆ ತಾಕುವಷ್ಟೇ; ಹಿರಿಯರಿಗಾದರೆ ಕೈ ಇನ್ನೂ ಮೇಲೆತ್ತಬೇಕು.

"ಬಾರಮ್ಮ ಸಾರಿನ ರಾಣಿ," ಎಂದ. "ನಿನಗೂ ಕಾರು ಬೇಕಾಯ್ತಾ? ಗೇರಿನ ಜಾಗದಲ್ಲಿ ಸೌಟು ಸಿಕ್ಕಿಸಿಕೊಡ್ಲಾ?"

"ಸೌಟು ನನ್ನ ಹತ್ರ ಇದೆ ಭಾವ. ನೆಟ್ಟಗಿರೋ ಕಾರಿದ್ರೆ ತೋರಿಸಿ."

ಅವನು ಮಾನಿತನ ಹೆಗಲ ಮೇಲೆ ಕೈಹಾಕಿ ಒಳಗೆ ನಡೆದ. ಅಲ್ಲಿಂದ ಮುಂದೆ ಮಾತೆಲ್ಲ ತಮ್ಮನ ಜೊತೆಗೇ. ಹಿಂದಿನ ಸಾಲಿನಲ್ಲಿ ಬೆಳ್ಳಿ ಬಣ್ಣದ, ನಾಲ್ಕು ಬಾಗಿಲಿನ ಪಿಕಪ್ ನಿಂತಿತ್ತು. ಒಬ್ಬರೇ ಮಾಲೀಕರಂತೆ, ಶಾಲೆಯ ಮೇಷ್ಟ್ರಂತೆ. ದೈವಭಕ್ತರು, ಬೌದ್ಧ ವಿಹಾರಕ್ಕೂ ಶಾಲೆಗೂ ಬಿಟ್ಟರೆ ಬೇರೆಲ್ಲಿಗೂ ಓಡಿಸಿದವರಲ್ಲವಂತೆ. ಬೆಳ್ಳಿ ಬಣ್ಣ ಮಾನಿತ್ ಹುಟ್ಟಿದ ವಾರಕ್ಕೆ ಆಗಿಬರದಿದ್ದರೆ, ಆ ದೋಷ ಕಳೆಯಲು "ಈ ಕಾರು ಹಸಿರು" ಎಂದು ಬರೆದ ಚೀಟಿಯನ್ನು ಹಿಂದೆ ಅಂಟಿಸಿಕೊಡುತ್ತಾನಂತೆ, ಅದೂ ಪುಕ್ಕಟೆ.

ಬೈತೋಂಗ್ ಆಗಲೇ ಹಿಂದಿನ ಸೀಟು ಹತ್ತಿ ಬೆಲ್ಟು ಹಾಕಿಕೊಂಡು, ಬ್ಯಾಂಡೇಜಿನ ಕಾಲನ್ನು ಉದ್ದಕ್ಕೆ ಚಾಚಿ, ಅಮ್ಮಾ ಇಲ್ಲಿ ಕಾಲು ನೋಯಲ್ಲ ಅಂದಳು. ಮಾನಿತ್ ನನ್ನ ಕಡೆ ನೋಡಿ ನಕ್ಕ. ಬೀಗದ ಕೈ ಆಗಲೇ ಅವನ ಬೆರಳಲ್ಲಿ ತೂಗಾಡುತ್ತಿತ್ತು.

ನಾನು ಚಾಲಕನ ಸೀಟಿನಲ್ಲಿ ಕೂತೆ. ಕನ್ನಡಿಗೆ ಹೂಮಾಲೆ ಕಟ್ಟಿದ್ದ ದಾರದ ತುಂಡು ಕಪ್ಪಾಗಿ ಉಳಿದಿತ್ತು. ಮುಂದಿನ ಹಲಗೆಯ ಮೇಲೆ ಬುದ್ಧನ ಮೂರ್ತಿ ಅಂಟಿಸಿದ್ದ ಗೋಂದಿನ ಕಲೆಯೂ ಇತ್ತು. ಮೇಷ್ಟ್ರು ಭಕ್ತರು ಎಂಬುದು ಸುಳ್ಳಲ್ಲ. ಅಭ್ಯಾಸದಂತೆ ತಲೆಯೆತ್ತಿ ಚಾವಣಿ ನೋಡಿದೆ.

ಹೊಸ ಕಾರು ಕೊಂಡವರು ಮನೆಗಿಂತ ಮೊದಲು ವಿಹಾರಕ್ಕೆ ಹೋಗುತ್ತಾರೆ. ಹಿರಿಯ ಭಿಕ್ಷು ಚಾಲಕನ ತಲೆಯ ಮೇಲೆ, ಚಾವಣಿಯ ಬಟ್ಟೆಗೆ ಬಿಳಿಯ ಗಂಧದ ಬೊಟ್ಟುಗಳನ್ನಿಡುತ್ತಾರೆ. ಕಾರು ಕೈ ಬದಲಾದರೂ ಅದನ್ನು ಯಾರೂ ಅಳಿಸುವುದಿಲ್ಲ. ಹೊಸಬರು ಪಕ್ಕದಲ್ಲಿ ತಮ್ಮದನ್ನು ಇಡಿಸಿಕೊಳ್ಳುತ್ತಾರೆ, ಅಷ್ಟೇ. ಈ ಚಾವಣಿಯಲ್ಲಿ ಒಂದು ಬೊಟ್ಟೂ ಇರಲಿಲ್ಲ. ಬಟ್ಟೆ ಈಗಷ್ಟೇ ಅಂಗಡಿಯಿಂದ ಬಂದ ಹಾಗಿತ್ತು.

"ಭಾವ, ಬೊಟ್ಟೆಲ್ಲಿ?"

"ತೊಳೆದ್ವಿ. ಗಲೀಜಾಗಿತ್ತು."

"ಭಿಕ್ಷುಗಳು ಇಟ್ಟ ಬೊಟ್ಟನ್ನ ತೊಳೆದ್ರಾ?"

ಅವನು ನನ್ನನ್ನು ಬಿಟ್ಟು ಮಾನಿತನಿಗೆ ಹೇಳಿದ, ನಿನ್ನ ಹೆಂಡತಿ ಕಾರು ಕೊಳ್ಳೋಕೆ ಬಂದಿದ್ದಾಳೋ ಪೊಲೀಸ್ ಕೆಲಸಕ್ಕೆ ಸೇರಿದ್ದಾಳೋ ಎಂದು. ಮಾನಿತ್ ಹಲ್ಲು ಕಚ್ಚಿ, ಸಾಕು ಇಳಿ ಅಂದ. ನಾನು ಇಳಿಯಲಿಲ್ಲ. ಕಂಪೋನ್ ಯಾವ ಸುಳ್ಳನ್ನಾದರೂ ಹೇಳಿಯಾನು. ಆದರೆ ಗಿರಾಕಿ ಬರುವ ಮೊದಲು ಟೆಂಟಿನ ಕಾವಲು ದೈವದ ಪುಟ್ಟ ಗುಡಿಗೆ ನೈವೇದ್ಯದ ಕೆಂಪು ಸೋಡಾ ಇಡದೆ ಕುರ್ಚಿಯ ಮೇಲೆ ಕೂರದವನು ಅವನು. ಅವನ ಕೈಯಿಂದ ಬೊಟ್ಟು ಅಳಿಸುವ ಕೆಲಸ ಆಗುವುದಿಲ್ಲ. ಹಾಗಾದರೆ ಬದಲಾಗಿದ್ದು ಬಟ್ಟೆಯೇ. ಬಟ್ಟೆ ಯಾಕೆ ಬದಲಾಗಬೇಕು?

ಬಾಗಿಲ ಮೇಲಂಚಿನ ರಬ್ಬರು ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಜೋರಾಗಿ ಎಳೆದೆ. ಅದು ಒಂದು ತೋಳಿನುದ್ದ ಕಿತ್ತುಬಂತು. ಕೆಳಗಿನ ಕಬ್ಬಿಣ ಅಲೆಅಲೆಯಾಗಿತ್ತು. ವೆಲ್ಡಿಂಗಿನ ಗಂಟುಗಳ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು.

"ಮುಟ್ಟಬೇಡ ಅದನ್ನ," ಎಂದು ಕಂಪೋನ್ ನನ್ನ ರಟ್ಟೆಗೆ ಕೈಹಾಕಿದ. "ಯಾರೂ ಸತ್ತಿಲ್ಲ, ಆಯ್ತಾ? ಸುಮ್ನೆ ಅಪಶಕುನ ನುಡೀಬೇಡ."

ಸಾವಿನ ಮಾತನ್ನು ಅಲ್ಲಿಯತನಕ ಯಾರೂ ಎತ್ತಿರಲಿಲ್ಲ.

ಮಾನಿತ್ ಹತ್ತಿರ ಬಂದು, ಅಣ್ಣನ ಕೈಯನ್ನು ನನ್ನ ರಟ್ಟೆಯಿಂದ ಬಿಡಿಸಿ, ಆ ಗಂಟುಗಳ ಮೇಲೆ ಬೆರಳಾಡಿಸಿದ. ಬಾಗಿಲಿಂದ ಬಾಗಿಲಿಗೆ ಬೆರಳು ಹೋಯಿತು. ಚಾವಣಿ ಪೂರ್ತಿ ಬೇರೆ ಯಾವುದೋ ಕಾರಿನದು; ಇದರದ್ದು ಎಲ್ಲೋ ಜಜ್ಜಿಹೋಗಿತ್ತು. ಆ ಗಂಟುಗಳ ನೇರ ಕೆಳಗೆ ಬೈತೋಂಗ್ ಇನ್ನೂ ಬೆಲ್ಟು ಹಾಕಿಕೊಂಡೇ ಕೂತಿದ್ದಳು.

"ಅಣ್ಣ, ಆ ಮೇಷ್ಟ್ರು ಈಗೆಲ್ಲಿದಾರೆ?" ಎಂದು ಕೇಳಿದ.

ಕಂಪೋನ್ ಕಿತ್ತುಬಂದ ರಬ್ಬರು ಪಟ್ಟಿಯನ್ನು ಮತ್ತೆ ಒತ್ತಿ ಕೂರಿಸಿದ. ನಾಳೆಯೇ ವಿಹಾರಕ್ಕೆ ಒಯ್ದು ಹೊಸ ಬೊಟ್ಟು ಇಡಿಸಿಕೊಡುತ್ತೇನೆ, ದೋಷವೆಲ್ಲ ಕಳೆಯುತ್ತದೆ ಎಂದ. ಮಾನಿತ್ ನನ್ನ ಕಡೆ ತಿರುಗಿದಾಗ ಅಣ್ಣನ ದನಿ ಬದಲಾಯಿತು.

"ನಿನಗೆ ಅನ್ನ ಹಾಕಿದ್ದಕ್ಕೆ ಇದಾ ಕೂಲಿ? ಹೆಂಡ್ತಿ ಚಾವಣಿ ನೋಡ್ತಾಳೆ, ನೀನು ಅವಳ ಬಾಯಿ ನೋಡ್ತಾ ನಿಲ್ತೀಯ. ಈ ಕಾರು ಬಿಟ್ಟು ಹೋದ್ರೆ ಮತ್ತೆ ಈ ಕಡೆ ತಲೆ ಹಾಕಬೇಡ."

ಮಾನಿತ್ ಒಳಗೆ ಬಗ್ಗಿ ಮಗಳ ಬೆಲ್ಟು ಬಿಚ್ಚಿದ. ಅವಳು ಅಳುತ್ತ ಸೀಟಿನ ಅಂಚು ಹಿಡಿದುಕೊಂಡಳು. ಬೆರಳುಗಳನ್ನು ಬಿಡಿಸಿ ಎತ್ತಿಕೊಂಡ. ಬೀಗದ ಕೈಯನ್ನು ಮೇಜಿನ ಮೇಲೆ, ನಾವು ತಂದಿದ್ದ ಮಾಂಸದ ಪೊಟ್ಟಣದ ಪಕ್ಕ ಇಟ್ಟ. ಕೈಮುಗಿಯದೆ ಹೊರಗೆ ನಡೆದ. ಅಪ್ಪನ ಹೆಗಲ ಮೇಲಿಂದ ಬೈತೋಂಗ್ ಮಾತ್ರ, ಕಲಿಸಿದಂತೆ, ದೊಡ್ಡಪ್ಪನಿಗೆ ಕೈಮುಗಿದಳು. ಅವನು ಮುಖ ತಿರುಗಿಸಿಕೊಂಡ.

ಹೆದ್ದಾರಿಯಲ್ಲಿ ಟೆಂಪೋ ಸಿಕ್ಕಿತು. ಎದುರುಬದುರು ಬೆಂಚಿನಲ್ಲಿ ಕೂತೆವು. ಬೇರೆ ಯಾರೂ ಇರಲಿಲ್ಲ.

"ಖುಷಿ ಆಯ್ತಾ?" ಎಂದ ಮಾನಿತ್. "ಹೊಸ ವರ್ಷಕ್ಕೆ ಇನ್ನು ಯಾವ ಹಿರಿಯರ ಕೈಗೆ ನೀರು ಹಾಕಿ ಆಶೀರ್ವಾದ ಕೇಳ್ಲಿ? ನಿನ್ನ ಸಾರಿನ ಹಂಡೆಗಾ?"

"ಮಗಳನ್ನ ಆ ಕಾರಲ್ಲಿ ಕೂರಿಸಿ ನೀನು ಓಡಿಸ್ತಿದ್ಯಾ? ಹೇಳು."

ಅವನು ರಸ್ತೆಯ ಕಡೆ ಮುಖ ಮಾಡಿದ. ತನ್ನವರಿಲ್ಲದವನನ್ನಾಗಿ ಮಾಡಿಬಿಟ್ಟೆ ಎಂದು ಗೊಣಗಿದ. ಆದರೆ ಟೆಂಪೋ ಕುಲುಕಿದಾಗಲೆಲ್ಲ ಅವನ ಅಂಗೈ ಮಗಳ ಬ್ಯಾಂಡೇಜಿನ ಕಾಲಿಗೆ ಆಸರೆಯಾಗಿ ನಿಲ್ಲುತ್ತಿತ್ತು.

ಪೇಟೆಯ ಹತ್ತಿರ ಇನ್ನೊಂದು ಟೆಂಟು ಕಂಡಿತು. ನನ್ನನ್ನು ಕೇಳದೆ ಗಂಟೆ ಒತ್ತಿ ಇಳಿದ. ನಾನು ಮಗಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಅವನು ಮುಂದಿನ ಸಾಲಿನ ನೀಲಿ ಪಿಕಪ್ಪಿನ ಬಾಗಿಲು ತೆಗೆಸಿ ಒಳಗೆ ತಲೆ ತೂರಿಸಿ ಚಾವಣಿ ನೋಡುತ್ತಿದ್ದ.

"ಇದರಲ್ಲಿದೆ," ಎಂದ, ನನ್ನ ಮುಖ ನೋಡದೆ.

ರಬ್ಬರನ್ನೂ ಎಳೆದು ನೋಡು ಅಂದೆ.