ಕೋಟಿನ ನಾಲ್ಕು ಗುಂಡಿ

ಕಿಟಕಿ ಪಕ್ಕದ ಹೊಲಿಗೆ ಯಂತ್ರ ಖಾಲಿಯಾದ ದಿನವೇ ಕತ್ತರಿ ಮಾಸ್ತರು ಕೈ ಎತ್ತಿಬಿಟ್ಟಿದ್ದರು. "ಅತ್ತಿಗೆ ನಾದಿನಿ ನಡುವೆ ತಲೆ ಹಾಕೋಕೆ ನನಗೇನು ಹುಚ್ಚಾ? ಊಟದ ಬಿಡುವಲ್ಲಿ ಆಡಿ ತೀರ್ಮಾನ ಮಾಡ್ಕೊಳ್ಳಿ."

ನಾದಿನಿಗೆ ಆ ಜಾಗ ಬೇಕೇ ಬೇಕಿತ್ತು. ಆರು ವರ್ಷ ಗೋಡೆಯ ಮೂಲೆಯಲ್ಲಿ ಕೂತು ಕರಿ ಕೋಟಿಗೆ ಕರಿ ದಾರ ಹಾಕಿ ಹಾಕಿ, ಸಂಜೆಯಾದರೆ ಅವಳಿಗೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು.

ಅಂಗಡಿಯಲ್ಲಿ ಆಡುವ ಪೋಕರ್ ಎಂಬ ಇಸ್ಪೀಟಾಟಕ್ಕೆ ಗುಂಡಿಗಳೇ ಪಣ, ತಲಾ ಮೂವತ್ತು. ಕೈಯಲ್ಲಿ ಎರಡೆರಡು ಗುಟ್ಟಿನ ಎಲೆ, ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು. ಪಣ ಏರಿಸುವುದಕ್ಕೆ ಮಿತಿಯಿತ್ತು: ಮೊದಲು ಎರಡೆರಡು, ಕೊನೆಯ ಎರಡು ಸುತ್ತಿಗೆ ನಾಲ್ಕು ನಾಲ್ಕು. ಗುಂಡಿ ಮುಗಿದರೆ ಮೈಮೇಲಿನ ಬಟ್ಟೆಯದನ್ನು ಕತ್ತರಿಸಿ ಇಡಬಹುದು. ಗಿರಾಕಿಯ ಬಟ್ಟೆ ಮಾತ್ರ ಮುಟ್ಟುವಂತಿಲ್ಲ.

ಎಲೆ ಚಿನ್ನವಿರಲಿ ಕಸವಿರಲಿ, ಅತ್ತಿಗೆ ಏರಿಸಿದ್ದೇ ಏರಿಸಿದ್ದು. ನಾದಿನಿ ಹಗ್ಗ ಕಂಡರೂ ಹಾವೆನ್ನುವವಳು. ಪ್ರತಿ ಸಲ ಎಲೆ ಕೆಳಗಿಟ್ಟು ಸೋಲೊಪ್ಪಿ, ತನ್ನ ಮೂವತ್ತು ಗುಂಡಿಯನ್ನು ಹದಿನಾರಕ್ಕಿಳಿಸಿಕೊಂಡಿದ್ದಳು.

"ಇದೇ ಕೊನೆಯ ಆಟ. ಮುಗಿದಾಗ ಗುಂಡಿ ಜಾಸ್ತಿ ಇದ್ದೋರಿಗೆ ಕಿಟಕಿ," ಮಾಸ್ತರು ಎಲೆ ಹಂಚಿದರು.

ನಾದಿನಿಗೆ ಒಂಬತ್ತು, ಏಳು ಬಂದವು. ತಲಾ ಎರಡು ಗುಂಡಿ ಇಟ್ಟ ಮೇಲೆ ಮೇಜಿನ ಮೇಲೆ ಮೂರು ಎಲೆ ತೆರೆದವು: ಒಂಬತ್ತು, ಏಳು, ಎರಡು. ಎರಡು ಜೋಡಿ! ಅವಳ ಕಿವಿ ಬಿಸಿಯಾಯಿತು. ಅತ್ತಿಗೆ ಎರಡಿಟ್ಟಳು, ಇವಳು ಏರಿಸಿದಳು, ಅತ್ತಿಗೆ ಮತ್ತೆ ಏರಿಸಿದಳು, ಇವಳು ಅಷ್ಟನ್ನೂ ಇಟ್ಟು ಸಮ ಮಾಡಿದಳು.

"ಏನೇ, ಇವತ್ತು ಇರುವೆಗೂ ರೆಕ್ಕೆ ಬಂತಾ?"

ನಾಲ್ಕನೆಯದು ರಾಜ. ಅತ್ತಿಗೆ ನಾಲ್ಕಿಟ್ಟಳು, ನಾದಿನಿಯೂ ನಾಲ್ಕು ತಳ್ಳಿ ಸಮ ಮಾಡಿದಳು. ಐದನೆಯದು ಐದು. ಅತ್ತಿಗೆಯ ಹತ್ತಿರ ಆರು, ಎಂಟು ಇದ್ದರೆ ಐದರಿಂದ ಒಂಬತ್ತರವರೆಗೆ ಸಾಲೇ ಆಯಿತು, ಕಿಟಕಿ ಹೋಯಿತು.

"ನಾಲ್ಕು! ಹೋಗಮ್ಮ ಮೂಲೆಗೆ, ನಿನ್ನ ಜೇಡ ಕಾಯ್ತಿದೆ. ಕಿಟಕಿಗೆ ನಾನು ಪರದೆ ಬೇರೆ ಹಾಕಿಸ್ತೀನಿ, ಹೂವಿಂದು..."

ಹೆದರುವವಳಿಗೆ ಮೈಯೆಲ್ಲ ಕಣ್ಣು. ನಿಜವಾಗಿ ಒಳ್ಳೆಯ ಎಲೆ ಬಂದಾಗ ಅತ್ತಿಗೆಯ ಬಾಯಿಗೆ ಬೀಗ ಬೀಳುತ್ತದೆ ಎಂಬುದನ್ನು ಅವಳು ಎಂದೋ ಕಂಡಿದ್ದಳು. ಈಗ ಆ ಬಾಯಿ ಪರದೆಯ ಹೂವಿನವರೆಗೆ ಹೋಗಿತ್ತು. ಉಳಿದ ನಾಲ್ಕನ್ನೂ ಇಟ್ಟು ಸಮ ಮಾಡಿದಳು. ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಕೈ ತಾನಾಗಿಯೇ ಕತ್ತರಿ ಹಿಡಿಯಿತು. ಟಕ್, ಟಕ್, ಟಕ್, ಟಕ್. ತನ್ನ ಕೋಟಿನ ನಾಲ್ಕು ಗುಂಡಿ ಮೇಜಿನ ಮೇಲೆ ಕುಣಿದವು.

"ಮೇಲೆ ನಾಲ್ಕು!"

"ಅಯ್ಯೋ, ಮಾನ ಮರ್ಯಾದೆ ಬಿಟ್ಟಳಲ್ಲಪ್ಪ!" ಎನ್ನುತ್ತಲೇ ಅತ್ತಿಗೆ ನಾಲ್ಕು ತಳ್ಳಿ ಎಲೆ ತಿರುಗಿಸಿದಳು. ರಾಜ, ರಾಣಿ. ಬರೀ ರಾಜರ ಒಂದೇ ಜೋಡಿ, ಎರಡು ಜೋಡಿಯ ಮುಂದೆ ಸೋಲುವಂಥದ್ದು.

ನಾದಿನಿ ಗುಂಡಿಗಳನ್ನು ಬಾಚಿ ತಬ್ಬಿಕೊಂಡಳು. ಅರ್ಧ ನೆಲಕ್ಕುರುಳಿದವು. ಕಿಟಕಿಯ ಕುರ್ಚಿಯಲ್ಲಿ ಕೂತು ಸೂಜಿ ಎತ್ತಿದರೆ ಅದರ ಕಣ್ಣು ಹೆಬ್ಬಾಗಿಲಿನಷ್ಟು ಕಂಡಿತು. ಆದರೆ ನಗುವಿನ ಭರದಲ್ಲಿ ದಾರ ಎಲ್ಲೆಲ್ಲೋ ಹೋಯಿತು.

"ಕೊಡೇ ಇಲ್ಲಿ, ಕಿಟಕಿ ಮಹಾರಾಣಿ." ಅತ್ತಿಗೆ ಸೂಜಿ ಕಿತ್ತುಕೊಂಡು, ಎದುರಿಗೆ ಕೂತು, ಅವಳ ಮೈಮೇಲಿದ್ದ ಕೋಟಿಗೇ ಗುಂಡಿ ಹಚ್ಚತೊಡಗಿದಳು. ನಾದಿನಿ ಹೊರಗಿನ ಬೀದಿ, ಬಿಸಿಲು, ಸೈಕಲ್ಲುಗಳನ್ನು ನೋಡಿ ನೋಡಿ ನಕ್ಕಳು. ಅತ್ತಿಗೆಯ ಮಾತು ನಿಂತು ಎಷ್ಟೋ ಹೊತ್ತಾಗಿದ್ದನ್ನು ಈ ಒಂದು ಸಲ ಅವಳು ಗಮನಿಸಲೇ ಇಲ್ಲ.

ಸಂಜೆ ಕೋಟು ಬಿಚ್ಚಲು ಹೋದಳು. ಬರಲಿಲ್ಲ. ಗುಂಡಿಗಳ ಹಿಂದೆ ಎರಡೂ ಅಂಚು ಸೇರಿ, ಕರಿ ದಾರದಲ್ಲಿ, ಎಳೆ ಕಾಣದ ಹಾಗೆ ಅಚ್ಚುಕಟ್ಟಾಗಿ ಹೊಲಿದುಹೋಗಿದ್ದವು.

"ಅತ್ತಿಗೇ!"

ಗೋಡೆಯ ಮೂಲೆಯಿಂದ ಕಿಸಕ್ಕೆಂದು ನಗು ಬಂತು.